ಮಗು ನೋಡಿಕೊಳ್ಳುವ ಅಜ್ಜಿ, ಮನೆಯ ಕೆಲಸ ಮತ್ತು ದಂಪತಿಗಳ ಹೊಣೆ



ಮನೆಯಲ್ಲಿ ಒಂದು ಕೂಸು ಹುಟ್ಟಿದ ಮೇಲೆ ಏಳುವ ಜಗಳಗಳಲ್ಲಿ ಬಹುಪಾಲು ದೊಡ್ಡ ಕಾರಣಗಳಿಂದ ಏಳುವುದಿಲ್ಲ. ತೊಳೆಯದೆ ಉಳಿದ ಮುಸುರೆ ಪಾತ್ರೆ, ಹೊತ್ತಿಗೆ ಸರಿಯಾಗಿ ಉಣ್ಣದ ಮಗು, ಮಳೆ ಬರುವ ಮುಂಚೆ ಒಳಗೆ ತಾರದೆ ಹೋದ ಬಟ್ಟೆ, ಇಂತಹ ಸಣ್ಣ ಸಂಗತಿಗಳೇ ಸಾಕು. ಆದರೆ ಈ ಸಣ್ಣ ಸಂಗತಿಗಳು ಬೆಳೆಯುತ್ತ ಹೋಗಿ ಒಲೆ ಬೇರೆಯಾಗುವುದನ್ನೂ, ಸೊಸೆ ತವರಿಗೆ ಹೋಗಿ ತಿಂಗಳುಗಟ್ಟಲೆ ಉಳಿಯುವುದನ್ನೂ, ವಯಸ್ಸಾದ ತಾಯಿ ಹೆತ್ತ ಮಗನ ಮನೆಯಲ್ಲಿ ತುತ್ತು ಅನ್ನಕ್ಕೆ ಸಂಕೋಚಪಡುವುದನ್ನೂ ನಾವೆಲ್ಲ ಕಂಡಿದ್ದೇವೆ. ಮಗುವನ್ನು ಅಜ್ಜ ಅಜ್ಜಿಯರು ನೋಡಿಕೊಳ್ಳುವ ವಿಷಯದಲ್ಲಿಯೂ, ಅದರ ಜೊತೆಗೇ ಹೆಣೆದುಕೊಂಡಿರುವ ಮನೆಗೆಲಸದ ವಿಷಯದಲ್ಲಿಯೂ ದಂಪತಿಗಳು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಈ ಪಾಠದಲ್ಲಿ ಹೇಳಲಾಗಿದೆ.

ಒಂದು ಸಂಜೆಯ ಮಾತು

ಅಜ್ಜಂಪುರ ತಾಲ್ಲೂಕಿನ ಅಂತರಘಟ್ಟೆಯ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಕಡೂರು ಅಥವಾ ತರೀಕೆರೆ ಕಡೆಯ ಮನೆಯೆಂದುಕೊಂಡರೂ ಹೆಚ್ಚು ವ್ಯತ್ಯಾಸವಾಗದು. ರಾಗಿ, ಈರುಳ್ಳಿ ಬೆಳೆಯುವ ಒಂದಿಷ್ಟು ಹೊಲ, ಕೊಳವೆಬಾವಿಯನ್ನು ನಂಬಿದ ಅಡಿಕೆ ತೋಟ, ಎರಡು ರಾಸು. ಮನೆಯಲ್ಲಿ ಗಂಡ, ಹೆಂಡತಿ, ಒಂದೂವರೆ ವರ್ಷದ ಗಂಡುಮಗು, ಅರವತ್ತು ದಾಟಿದ ಅತ್ತೆ, ಅವರಿಗಿಂತ ಐದಾರು ವರ್ಷ ಹಿರಿಯರಾದ ಮಾವ. ಈರುಳ್ಳಿ ಕೀಳುವ ದಿನಗಳಲ್ಲಿ ಸೊಸೆ ಬೆಳಗ್ಗೆ ಹೊಲಕ್ಕೆ ಹೋದರೆ ಹಿಂದಿರುಗುವುದು ದೀಪ ಹಚ್ಚುವ ಹೊತ್ತಿಗೆ. ಮಗು ಅಷ್ಟು ಹೊತ್ತೂ ಅತ್ತೆಯ ಬಳಿ.

ಒಂದು ಸಂಜೆ ಸೊಸೆ ಬಂದು ನೋಡುತ್ತಾಳೆ: ಬೆಳಗಿನ ಪಾತ್ರೆಗಳು ಹಾಗೆಯೇ ಬಿದ್ದಿವೆ, ಒಲೆಯ ಮುಂದಿನ ಬೂದಿ ತೆಗೆದಿಲ್ಲ. ದಣಿದ ಬಾಯಿಂದ ಮಾತು ಜಾರುತ್ತದೆ. "ಇಡೀ ದಿನ ಮನೇಲೇ ಇದ್ರಲ್ಲ ಅತ್ತೆ, ಮುಸುರೆನಾದ್ರೂ ತೊಳೀಬಹುದಿತ್ತು." ಅತ್ತೆಯ ಉತ್ತರವೂ ಸಿದ್ಧವಾಗಿಯೇ ಇರುತ್ತದೆ. "ನಾನೇನು ಕೈಕಟ್ಟಿ ಕೂತಿದ್ನೇನವ್ವಾ? ನಿನ್ನ ಮಗನ ಹಿಂದೆ ಓಡಿ ಓಡಿ ಮೊಣಕಾಲು ಬಿದ್ದುಹೋದವು." ಗಂಡ ಜಗಲಿಯ ಮೇಲೆ ಕುಳಿತಿದ್ದಾನೆ. ಎರಡು ಮಾತೂ ಅವನ ಕಿವಿಗೆ ಬಿದ್ದಿವೆ. ಅವನು ಏನೂ ಹೇಳುವುದಿಲ್ಲ. ಹೆಂಗಸರ ಜಗಳದ ನಡುವೆ ತಾನೇಕೆ ಹೋಗಬೇಕು ಎಂಬುದು ಅವನ ಎಣಿಕೆ.

ಸೊಸೆ ಸುಳ್ಳು ಹೇಳುತ್ತಿಲ್ಲ. ದಿನವೆಲ್ಲ ಬಗ್ಗಿ ದುಡಿದು ಬಂದವಳಿಗೆ ಮತ್ತೆ ರಾಶಿ ಪಾತ್ರೆ ಕಂಡರೆ ಕಣ್ಣು ಕತ್ತಲಾಗುವುದು ಸಹಜ. ಅತ್ತೆಯೂ ಸುಳ್ಳು ಹೇಳುತ್ತಿಲ್ಲ. ನಡೆಯಲು ಕಲಿತ ಮಗುವನ್ನು ಹತ್ತು ತಾಸು ಕಾಯುವುದು ಹೊಲದ ಕೆಲಸಕ್ಕೆ ಕಡಿಮೆಯಾದುದಲ್ಲ. ಇಬ್ಬರೂ ನಿಜ ಹೇಳುತ್ತಿದ್ದರೂ ಜಗಳವಾಗುತ್ತಿದೆ ಎಂದರೆ, ಇಬ್ಬರ ಕೈಗೂ ಮೀರಿದ ಕೆಲಸ ಆ ಮನೆಯಲ್ಲಿದೆ ಎಂದೇ ಅರ್ಥ. ಆ ಮಿಕ್ಕ ಕೆಲಸ ಯಾರದು ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ ದಾರಿ ನೇರವಾಗಿ ಜಗಲಿಗೆ ಹೋಗುತ್ತದೆ. ಲೋಕವು ಇದನ್ನು ಅತ್ತೆ ಸೊಸೆಯರ ಜಗಳವೆಂದು ಕರೆಯುತ್ತ ಬಂದಿದೆ. ಆ ಹೆಸರೇ ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಕೆಲಸದ ಲೆಕ್ಕ

ಜನರು ದಿನದ 24 ಗಂಟೆಗಳನ್ನು ಹೇಗೆ ಕಳೆಯುತ್ತಾರೆಂದು ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆಯು 2019ರಲ್ಲಿ ದೇಶದಾದ್ಯಂತ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಅಂದರೆ ಐದು ತಾಸಿನಷ್ಟು ದುಡಿಯುತ್ತಿದ್ದರು; ಗಂಡಸರು 97 ನಿಮಿಷ. ಈ 97 ನಿಮಿಷವಾದರೂ ಎಲ್ಲ ಗಂಡಸರದಲ್ಲ. ಇಂತಹ ಕೆಲಸಕ್ಕೆ ಕೈ ಹಾಕುತ್ತಿದ್ದವರು ನೂರಕ್ಕೆ 26 ಗಂಡಸರು ಮಾತ್ರ. ಅದೇ ಸಮೀಕ್ಷೆಯನ್ನು 2024ರಲ್ಲಿ ಮತ್ತೆ ನಡೆಸಿದಾಗ ಹೆಂಗಸರ ಹೊತ್ತು 289 ನಿಮಿಷಕ್ಕೆ, ಗಂಡಸರದು 88 ನಿಮಿಷಕ್ಕೆ ಇಳಿದಿತ್ತು. ಐದು ವರ್ಷಗಳಲ್ಲಿ ಎರಡೂ ಅಷ್ಟಿಷ್ಟು ತಗ್ಗಿದವೇ ಹೊರತು ನಡುವಿನ ಅಂತರ ತಗ್ಗಲಿಲ್ಲ.

"ಅಜ್ಜಿ ಮನೆಯಲ್ಲಿ ಸುಮ್ಮನೆ ಕೂತಿರುತ್ತಾರೆ" ಎನ್ನುವವರಿಗೆ ಇನ್ನೊಂದು ಸಂಗತಿಯನ್ನು ತಿಳಿಸಬೇಕು. 1989ರ ಮಾರ್ಚ್ 3ರಂದು ಜಮ್‌ಶೆಡ್‌ಪುರದಲ್ಲಿ ಒಂದು ಸಮಾರಂಭದ ವೇಳೆ ಬೆಂಕಿ ಬಿದ್ದು ಅನೇಕ ಹೆಂಗಸರು, ಮಕ್ಕಳು ತೀರಿಕೊಂಡರು. ಅವರ ಕುಟುಂಬಗಳಿಗೆ ಕೊಡಬೇಕಾದ ಪರಿಹಾರದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸಂಬಳ ತಾರದ ಗೃಹಿಣಿಯ ದುಡಿಮೆಗೆ ಬೆಲೆ ಎಷ್ಟು? 2001ರ ತೀರ್ಪಿನಲ್ಲಿ ನ್ಯಾಯಾಲಯವು 34ರಿಂದ 59 ವರ್ಷದ ಗೃಹಿಣಿಯರ ಸೇವೆಗೆ ತಿಂಗಳಿಗೆ 3,000 ರೂಪಾಯಿಯ ಬೆಲೆ ಕಟ್ಟಿತು. ಅಷ್ಟಕ್ಕೇ ನಿಲ್ಲಲಿಲ್ಲ. 62ರಿಂದ 72 ವರ್ಷದ ವೃದ್ಧೆಯರ ಸೇವೆಗೂ ವರ್ಷಕ್ಕೆ 20,000 ರೂಪಾಯಿ ಎಂದು ನಿಗದಿಮಾಡಿತು. ಆ ಕಾಲದ ಹಣದ ಬೆಲೆಯಲ್ಲಿ ಅದು ಸಣ್ಣ ಮೊತ್ತವಲ್ಲ. ಮನೆಯ ಮುದುಕಿಯೂ ದುಡಿಯುತ್ತಾಳೆಂದು ದೇಶದ ಅತ್ಯುನ್ನತ ನ್ಯಾಯಾಲಯವೇ ಲೆಕ್ಕ ಹಾಕಿ ಹೇಳಿದ ಮೇಲೆ, ಮಗನು ಅದನ್ನು ಒಪ್ಪಿಕೊಳ್ಳಲು ಹಿಂಜರಿಯಬೇಕಾದ ಕಾರಣವಿಲ್ಲ.

ಆದುದರಿಂದ ಒಂದು ನಿಯಮವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಮಗುವನ್ನು ಅಜ್ಜಿಯ ಕೈಗೆ ಕೊಟ್ಟ ದಿನ ಬೇರೆ ಯಾವುದಾದರೂ ಕೆಲಸವನ್ನು ಅವರ ಕೈಯಿಂದ ತೆಗೆಯಬೇಕು. ತೆಗೆದ ಕೆಲಸವು ಸೊಸೆಯ ತಲೆಯ ಮೇಲೆ ಬೀಳಬಾರದು. ನೀರು ತುಂಬುವುದು, ಸೌದೆ ಒಟ್ಟುವುದು, ಕೊಟ್ಟಿಗೆ ಬಳಿಯುವುದು, ಪಾತ್ರೆ ತೊಳೆಯುವುದು, ಮಗುವಿನ ಬಟ್ಟೆ ಒಗೆಯುವುದು ಇವುಗಳಲ್ಲಿ ಗಂಡಸಿನ ಕೈ ಆಡಬಾರದ ಕೆಲಸ ಒಂದಾದರೂ ಇದೆಯೆ? ಜಾತ್ರೆಯಲ್ಲಿ ನೂರಾರು ಜನರಿಗೆ ಅಡುಗೆ ಮಾಡುವವರೂ, ಕೊಪ್ಪರಿಗೆ ತೊಳೆಯುವವರೂ ಗಂಡಸರೇ. ಅಲ್ಲಿ ಬಾರದ ನಾಚಿಕೆ ಸ್ವಂತ ಮನೆಯ ಒಲೆಯ ಮುಂದೆ ಏಕೆ ಬರಬೇಕೋ ತಿಳಿಯದು.

ಮಾವನವರ ವಿಷಯವನ್ನೂ ಇಲ್ಲಿಯೇ ಹೇಳಬೇಕು. ತಾತನು ಮೊಮ್ಮಗುವನ್ನು ಎತ್ತಿಕೊಂಡು ಅರಳಿಕಟ್ಟೆಯವರೆಗೆ ಹೋಗಿ ಬಂದರೆ ಊರೆಲ್ಲ ಮೆಚ್ಚುತ್ತದೆ. ಆದರೆ ಮಗು ಬಟ್ಟೆ ಕೆಡಿಸಿಕೊಂಡ ಕೂಡಲೇ "ಏ, ತಗೋ ಇವನ್ನ" ಎಂದು ಒಳಗೆ ಕೊಡುವುದು ವಾಡಿಕೆ. ತೊಳೆಯುವುದನ್ನೂ ಸೇರಿಸಿ ನೋಡಿಕೊಂಡರೆ ಮಾತ್ರ ಅದು ನೋಡಿಕೊಂಡಂತೆ.

ಅಜ್ಜಿಯ ದೇಹಕ್ಕೂ ಒಂದು ಮಿತಿಯುಂಟು

ಮಡಿಲಲ್ಲಿ ಮಲಗುವ ಆರು ತಿಂಗಳ ಕೂಸು ಬೇರೆ, ಹೊಸಿಲು ದಾಟಿ ಓಡುವ ಒಂದೂವರೆ ವರ್ಷದ ಮಗು ಬೇರೆ. ಮೊದಲನೆಯದನ್ನು ಸಲೀಸಾಗಿ ನೋಡಿಕೊಂಡ ಅಜ್ಜಿಗೆ ಎರಡನೆಯದು ಕಷ್ಟವಾದರೆ ಅದು ಸೋಮಾರಿತನವಲ್ಲ. ಕಣ್ಣಿನಲ್ಲಿ ಪೊರೆ ಬಂದಿರಬಹುದು, ಕಿವಿ ಮಂದವಾಗಿರಬಹುದು, ಕೀಲುಗಳು ಸವೆದಿರಬಹುದು, ಸಕ್ಕರೆ ಕಾಯಿಲೆಯಿಂದ ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತಬಹುದು. ಮಗು ಎಲ್ಲಿ ನಮ್ಮ ಕೈ ತಪ್ಪುವುದೋ ಎಂದು ಹಲವು ಅಜ್ಜಿಯರು ತಮ್ಮ ಊಟದ ಹೊತ್ತನ್ನೂ, ಮಾತ್ರೆಯ ಹೊತ್ತನ್ನೂ ಮೀರಿಸಿ ಕೂರುತ್ತಾರೆ. ಮಗುವನ್ನು ಒಪ್ಪಿಸುವ ಮುಂಚೆ ಅಜ್ಜಿಯ ಕಣ್ಣು, ರಕ್ತದೊತ್ತಡ, ಸಕ್ಕರೆ ಇವುಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿರಿ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಮಾಡುತ್ತಾರೆ.

ಇಲ್ಲಿ ಅಪಾಯವಿರುವುದು ಅಜ್ಜಿಗೆ ಮಾತ್ರವಲ್ಲ. ಅಡಿಕೆ ಸುಗ್ಗಿಯ ಕಾಲದಲ್ಲಿ ಮನೆಯ ಹಿತ್ತಲನ್ನೊಮ್ಮೆ ಮಗುವಿನ ಎತ್ತರಕ್ಕೆ ಬಗ್ಗಿ ನೋಡಿರಿ. ಬೇಯುತ್ತಿರುವ ಅಡಿಕೆಯ ಹಂಡೆ, ಕೆಳಗಿಳಿಸಿಟ್ಟ ಬಿಸಿ ಚೊಗರು, ಸುಲಿಯುವ ಕತ್ತಿ, ನೆಲದ ಮೇಲೆಲ್ಲ ಗಂಟಲಿಗೆ ಸಿಕ್ಕುವ ಗಾತ್ರದ ಅಡಿಕೆ ಚೂರು. ಆಚೆಗೆ ದನಗಳ ನೀರಿನ ತೊಟ್ಟಿ, ಹೊಲದಲ್ಲಿ ಕೃಷಿಹೊಂಡ. ಸೂರಿನ ಸಂದಿಯಲ್ಲಿ ಕೀಟನಾಶಕದ ಬಾಟಲಿ. ಒಳಗೆ, ಅಜ್ಜಿಯ ದಿಂಬಿನ ಕೆಳಗೆ ಸಕ್ಕರೆ ಕಾಯಿಲೆಯ ಮಾತ್ರೆಯ ಹಾಳೆ. ಈ ಕೊನೆಯದನ್ನು ಯಾರೂ ಅಪಾಯವೆಂದು ಎಣಿಸುವುದಿಲ್ಲ. ಆದರೆ ದೊಡ್ಡವರ ಒಂದೆರಡು ಮಾತ್ರೆ ನುಂಗಿದರೂ ಎಳೆಯ ಮಗುವಿನ ಪ್ರಾಣಕ್ಕೆ ಕುತ್ತು ಬರಬಹುದು. ಮಗುವಿಗೆ ಏನಾದರೂ ಆದಾಗ "ನೀವು ನೋಡಿಕೊಳ್ಳಲಿಲ್ಲ" ಎಂದು ಮುದುಕಿಯ ಮೇಲೆ ತಪ್ಪು ಹೊರಿಸುವುದು ಅತ್ಯಂತ ಕ್ರೂರವಾದ ಮಾತು. ತೊಟ್ಟಿಗೆ ಮುಚ್ಚಳ, ಹೊಂಡಕ್ಕೆ ಬೇಲಿ, ಔಷಧಿಗೆ ಬೀಗವಿರುವ ಎತ್ತರದ ಗೂಡು ಇವನ್ನು ಮಾಡಿಕೊಡುವುದು ಮಗುವಿನ ತಂದೆಯ ಕೆಲಸ. ಅಡಿಕೆ ಬೇಯಿಸುವ ದಿನ ಅಜ್ಜಿಯೊಬ್ಬರನ್ನೇ ಮಗುವಿನೊಡನೆ ಹಿತ್ತಲಿನಲ್ಲಿ ಬಿಡತಕ್ಕದ್ದಲ್ಲ.

ಬಜೆ, ಜೇನು, ಕಾಡಿಗೆ

ಮಗುವನ್ನು ಬೆಳೆಸುವ ಕ್ರಮದಲ್ಲಿಯೂ ಮನೆಯೊಳಗೆ ಭಿನ್ನಾಭಿಪ್ರಾಯಗಳು ಬರುತ್ತವೆ. ಆಸ್ಪತ್ರೆಯಲ್ಲಿ ಹೇಳಿದ್ದು ಒಂದು, ಅತ್ತೆ ಮಾಡುವುದು ಇನ್ನೊಂದು ಎಂದು ಸೊಸೆ ಕೊರಗುತ್ತಾಳೆ. "ನಿನ್ನ ಗಂಡನನ್ನ ಸಾಕಿದ್ದು ಯಾರು?" ಎಂದು ಅತ್ತೆ ಕೇಳುತ್ತಾರೆ. ಕೆಲವು ಸಂಗತಿಗಳಲ್ಲಿ ರಾಜಿಗೆ ಎಡೆಯಿಲ್ಲ. ಆರು ತಿಂಗಳು ತುಂಬುವವರೆಗೆ ತಾಯಿಯ ಎದೆಹಾಲಲ್ಲದೆ ತೇಯ್ದ ಬಜೆಯನ್ನಾಗಲಿ, ಹರಳೆಣ್ಣೆಯನ್ನಾಗಲಿ, ಸಕ್ಕರೆ ನೀರನ್ನಾಗಲಿ ಕೊಡಕೂಡದು. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನಾಲಿಗೆಗೆ ಸವರಲೂ ಬಾರದು. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣುವನ್ನು ಎಳೆಗೂಸಿನ ಕರುಳು ತಡೆಯಲಾರದು. ಕಣ್ಣಿಗೆ ಕಾಡಿಗೆ, ಮೂಗು ಕಿವಿಗಳಿಗೆ ಎಣ್ಣೆ ಬೇಡ.

ಹಾಗೆಂದು ಅಜ್ಜಿಗೆ ತಿಳಿದಿದ್ದೆಲ್ಲವೂ ತಪ್ಪೆಂದು ಭಾವಿಸುವುದು ಮೂರ್ಖತನ. ಆರು ತಿಂಗಳ ನಂತರ ಮೊಳಕೆ ಕಟ್ಟಿದ ರಾಗಿಯಿಂದ ಸರಿ ಮಾಡಿ ಉಣಿಸುವುದರಲ್ಲಿ, ಹದವಾಗಿ ಮೈಗೆ ಎಣ್ಣೆ ನೀವುವುದರಲ್ಲಿ, ಅಳುವ ಮಗುವಿನ ಅಳು ಹಸಿವಿನದೋ ಹೊಟ್ಟೆನೋವಿನದೋ ಎಂದು ಗುರುತಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಮಗು ಮಾತು ಕಲಿಯುವುದು ಅವರ ಜೋಗುಳದಿಂದ, ಕಥೆಯಿಂದ. ಆದ್ದರಿಂದ ಬೇಡವೆಂದು ಹೇಳಬೇಕಾದ ನಾಲ್ಕು ಮಾತುಗಳನ್ನು ಹೇಳುವ ರೀತಿ ತಿಳಿದಿರಬೇಕು. ಸೊಸೆಯ ಬಾಯಿಂದ ಬಂದರೆ ಅದು ತಿದ್ದಿದಂತೆ ಕೇಳಿಸುತ್ತದೆ; ಮಗನು "ಅವ್ವಾ, ಡಾಕ್ಟ್ರು ಹೀಗೆ ಹೇಳಿದ್ದಾರೆ" ಎಂದರೆ ಅಷ್ಟು ನೋಯುವುದಿಲ್ಲ. ಇನ್ನೂ ಒಳ್ಳೆಯ ದಾರಿಯೆಂದರೆ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುವುದು. ಹೆರಿಗೆಯಾದ 42 ದಿನಗಳೊಳಗೆ ಹಲವು ಬಾರಿ, ಅನಂತರ 3, 6, 9, 12 ಮತ್ತು 15ನೆಯ ತಿಂಗಳುಗಳಲ್ಲಿ ಅವರು ಮನೆಗೆ ಭೇಟಿ ಕೊಡಬೇಕೆಂಬ ಕ್ರಮವಿದೆ. ತಾಯಿ ಕಾರ್ಡನ್ನು ತೆರೆದು ಮುಂದಿನ ಲಸಿಕೆ ಯಾವಾಗ ಎಂಬುದನ್ನು ಅಜ್ಜಿಗೂ ಓದಿ ಹೇಳಿರಿ. ಹಗಲಿಡೀ ಮಗುವನ್ನು ನೋಡಿಕೊಳ್ಳುವವರಿಗೇ ಅದು ತಿಳಿಯದಿದ್ದರೆ ಹೇಗೆ?

ಮಗಳ ಮಗು, ಮಗನ ಮಗು

ಒಂದೇ ಊರಿನಲ್ಲಿರುವ ಅಣ್ಣತಮ್ಮಂದಿರ ಹೆಂಡತಿಯರ ನಡುವೆ "ಅತ್ತೆ ಅವಳ ಮಗೂನ ಎತ್ತಿಕೊಂಡಷ್ಟು ನನ್ನ ಮಗೂನ ಎತ್ತಿಕೊಳ್ಳಲಿಲ್ಲ" ಎಂಬ ದೂರು ಹಳೆಯದು. ಈಚಿನ ದಿನಗಳಲ್ಲಿ ಇದಕ್ಕೆ ಇನ್ನೊಂದು ಸೇರಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನೋ ಮಗಳೋ, ಮಗು ಹುಟ್ಟಿದ ಮೇಲೆ ತಾಯಿಯನ್ನು ಕರೆಸಿಕೊಳ್ಳುತ್ತಾರೆ. ಅಜ್ಜಂಪುರದಲ್ಲಿ ರೈಲು ಹತ್ತಿದ ತಾಯಿ ಬಾಣಂತನ ಮುಗಿಯಿತೆಂದು ಮೂರು ತಿಂಗಳಿಗೆ ಬರುವವರು, ಮೂರು ವರ್ಷವಾದರೂ ಬರಲಾಗದೆ ಅಲ್ಲಿಯೇ ಉಳಿಯುತ್ತಾರೆ. ಇಲ್ಲಿ ತೋಟ ಬಿಡಲಾಗದ ಅಪ್ಪ ಒಬ್ಬನೇ ಮುದ್ದೆ ತಿರುವಿಕೊಳ್ಳುತ್ತಾನೆ, ಇಲ್ಲವೇ ಊರಿನಲ್ಲಿರುವ ಸೊಸೆ ತನ್ನ ಸಂಸಾರದ ಜೊತೆಗೆ ಅವರನ್ನೂ ನೋಡಿಕೊಳ್ಳುತ್ತಾಳೆ. ಅರವತ್ತರ ವಯಸ್ಸಿನಲ್ಲಿ ಗಂಡ ಹೆಂಡತಿಯರನ್ನು ಅಗಲಿಸುವುದು ಸಣ್ಣ ಸಂಗತಿಯೆಂದು ತಿಳಿಯಬಾರದು.

ಕರೆಸಿಕೊಳ್ಳುವುದು ತಪ್ಪಲ್ಲ. ಎಷ್ಟು ತಿಂಗಳಿಗೆ ಎಂಬುದನ್ನು ಮೊದಲೇ ಹೇಳದಿರುವುದು, ಊರಿನಲ್ಲಿ ಅವರು ಬಿಟ್ಟುಬಂದ ಕೆಲಸವನ್ನು ಯಾರು ಮಾಡುತ್ತಾರೆಂದು ಕೇಳದಿರುವುದು, ಅವರ ಕೈಖರ್ಚಿಗೆ ನಾಲ್ಕು ಕಾಸು ಕೊಡದಿರುವುದು ತಪ್ಪು. ಫೆಬ್ರವರಿಯ ಹೊತ್ತಿಗೆ ಅಂತರಘಟ್ಟೆಯಲ್ಲಿ ದುರ್ಗಾಂಬಾ ದೇವಿಯ ಜಾತ್ರೆ ನಡೆಯುತ್ತದೆ. ಸುತ್ತಲಿನ ಊರುಗಳಿಂದ ಎತ್ತಿನ ಗಾಡಿ ಹೂಡಿಕೊಂಡು ಜನ ಬರುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ಮನೆ ತುಂಬಿದ ಆ ದಿನಗಳಲ್ಲಿ ಎಲ್ಲರ ಮಕ್ಕಳನ್ನೂ ಅಜ್ಜಿಯ ಬಳಿ ಬಿಟ್ಟು ತೇರಿಗೆ ಹೋಗುವುದು ರೂಢಿಯಾಗಿಬಿಟ್ಟಿದೆ. ಅಜ್ಜಿಗೂ ತೇರು ನೋಡುವ ಆಸೆಯಿರುತ್ತದೆ. ಒಂದು ವರ್ಷ ಅಳಿಯನೋ ಮಗನೋ ಮನೆಯಲ್ಲಿ ಉಳಿದು ಮಕ್ಕಳನ್ನು ನೋಡಿಕೊಂಡರೆ ದೇವಿಯೇನೂ ಮುನಿಯುವುದಿಲ್ಲ.

ಹಣದ ಮಾತು, ಕಾನೂನಿನ ಮಾತು

2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರತೊಡಗಿತು. ಅದಕ್ಕೂ ಮುಂಚೆಯೇ ಯಜಮಾನಿ ಅತ್ತೆಯೋ ಸೊಸೆಯೋ ಎಂಬ ಚರ್ಚೆ ರಾಜ್ಯದ ಮನೆಮನೆಯಲ್ಲಿಯೂ ಎದ್ದಿತ್ತು. ಪಡಿತರ ಚೀಟಿಯಲ್ಲಿ ಹೆಸರು ಯಾರದಿದೆಯೋ ಅವರಿಗೆ ಹಣ ಎಂಬುದು ಸರ್ಕಾರದ ನಿಯಮ. ಮನೆಯೊಳಗಿನ ನಿಯಮವನ್ನು ಮನೆಯವರೇ ಮಾಡಿಕೊಳ್ಳಬೇಕು. ಅಡಿಕೆ ಸುಲಿದ ಕೂಲಿ ಸೊಸೆಯ ಕೈಗೆ ಬರುವುದಾದರೆ, ಆ ಹೊತ್ತಿನಲ್ಲಿ ಮಗುವನ್ನು ಕಾಯ್ದವರಿಗೂ ಅದರಲ್ಲಿ ಪಾಲುಂಟು ಎಂದು ಒಪ್ಪುವ ಮನೆಗಳಲ್ಲಿ ಈ ವಿವಾದ ಬಹಳ ದಿನ ಉಳಿಯಲಿಲ್ಲ.

ಮಾತಿನ ಭರದಲ್ಲಿ ಕೆಲವರು "ಮಗು ನೋಡಿಕೊಳ್ಳದಿದ್ದ ಮೇಲೆ ನಿಮ್ಮನ್ನು ನಾವೇಕೆ ನೋಡಿಕೊಳ್ಳಬೇಕು?" ಎಂದುಬಿಡುತ್ತಾರೆ. ಇದು ನ್ಯಾಯವೂ ಅಲ್ಲ, ಕಾನೂನೂ ಅಲ್ಲ. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ 2007ರ ಕಾಯಿದೆಯ ಪ್ರಕಾರ, ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದ ತಂದೆತಾಯಿಯರಿಗೆ ಊಟ, ಬಟ್ಟೆ, ವಸತಿ, ಔಷಧೋಪಚಾರ ಒದಗಿಸುವುದು ಮಕ್ಕಳ ಕರ್ತವ್ಯ. ಮೊಮ್ಮಗುವನ್ನು ಆಡಿಸಿದರೆ ಮಾತ್ರ ಎಂಬ ಷರತ್ತು ಅದರಲ್ಲಿ ಎಲ್ಲಿಯೂ ಇಲ್ಲ. ಅದೇ ರೀತಿ ಮೊಮ್ಮಗುವನ್ನು ಸಾಕಿದ ಹಿರಿಯರು ಆ ಋಣವನ್ನು ಸೊಸೆಗೆ ದಿನವೂ ನೆನಪಿಸುತ್ತಿದ್ದರೆ ಮನೆಯ ನೆಮ್ಮದಿ ಕೆಡುತ್ತದೆ. ಅದನ್ನು ಅವರಿಗೆ ತಿಳಿಸಿ ಹೇಳುವವನು ಮಗನೇ ಆಗಬೇಕು.

ಎರಡನೆಯ ಮಗುವಿಗೆ ಮುಂಚೆ

ಒಂದು ಮಗು ಇನ್ನೂ ಓಡಾಡಲು ಕಲಿಯುತ್ತಿರುವಾಗಲೇ ಇನ್ನೊಂದು ಮಡಿಲಿಗೆ ಬಂದರೆ ತಾಯಿಯ ಆರೋಗ್ಯವಲ್ಲದೆ ಅಜ್ಜಿಯ ಶಕ್ತಿಯೂ ಕುಸಿಯುತ್ತದೆ. ಇಬ್ಬರು ಮಕ್ಕಳ ನಡುವೆ ಮೂರು ವರ್ಷಗಳ ಅಂತರವಿದ್ದರೆ ಎರಡನೆಯದು ಹುಟ್ಟುವ ಹೊತ್ತಿಗೆ ಮೊದಲನೆಯದು ಅಂಗನವಾಡಿಯಲ್ಲಿರುತ್ತದೆ. ಇದಕ್ಕಾಗಿ ಕಾಪರ್‌-ಟಿ ಇದೆ. ವಾರಕ್ಕೊಮ್ಮೆಯ ಛಾಯಾ ಮಾತ್ರೆಯಿದೆ (ಮೊದಲ ಮೂರು ತಿಂಗಳು ಮಾತ್ರ ವಾರಕ್ಕೆ ಎರಡು). ಮೂರು ತಿಂಗಳಿಗೊಮ್ಮೆ ಕೊಡುವ "ಅಂತರ" ಚುಚ್ಚುಮದ್ದಿದೆ. ಅಂತರಘಟ್ಟೆಯವರಿಗೆ ಈ ಹೆಸರು ನೆನಪಿಡುವುದು ಕಷ್ಟವಾಗದು. ನಿರೋಧ್‌ ಬಳಸುವುದು ಗಂಡನಿಂದ ಆಗುವ ಸುಲಭದ ಕೆಲಸ. ಮಕ್ಕಳು ಸಾಕೆನಿಸಿದ ಮೇಲೆ ಗಾಯವೇ ಕಾಣದಂತಹ ಪುರುಷರ ಶಸ್ತ್ರಚಿಕಿತ್ಸೆಯೂ ಇದೆ. ಅದು ಫಲಕಾರಿಯಾಗಲು ಮೂರು ತಿಂಗಳು ಬೇಕೆಂಬುದನ್ನು ಮರೆಯಬಾರದು. ನಿಮಗೆ ಯಾವುದು ಒಗ್ಗುತ್ತದೆಂಬುದನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿಯಿರಿ. ಇನ್ನೊಂದು ಮಗು ಯಾವಾಗ ಎಂಬುದನ್ನು ದಂಪತಿಗಳೇ ತೀರ್ಮಾನಿಸಬೇಕು. ಆದರೆ ಅದನ್ನು ನೋಡಿಕೊಳ್ಳುವವರು ಅಜ್ಜಿ ಎಂದು ನೀವು ಎಣಿಸಿದ್ದರೆ, ಅವರನ್ನು ಒಂದು ಮಾತು ಕೇಳುವುದು ಮರ್ಯಾದೆ.

ಕುಳಿತು ಮಾತನಾಡುವುದು

1975ರ ಅಕ್ಟೋಬರ್ 2ರಂದು ದೇಶದಲ್ಲಿ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಮೊದಲು ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ. ಇಂದು ಅಂಗನವಾಡಿ ಇಲ್ಲದ ಊರು ವಿರಳ. ಮೂರು ವರ್ಷ ತುಂಬಿದ ಮಗುವನ್ನು ಅಲ್ಲಿಗೆ ಕಳುಹಿಸಿದರೆ ಅಜ್ಜಿಗೆ ಕೆಲವು ತಾಸಿನ ಬಿಡುವು ಸಿಗುತ್ತದೆ. ಅದಕ್ಕಿಂತ ಎಳೆಯ ಮಕ್ಕಳಿಗಾಗಿ 2023-24ರ ರಾಜ್ಯ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ "ಕೂಸಿನ ಮನೆ" ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಲಾಯಿತು. ನಿಮ್ಮ ಪಂಚಾಯಿತಿಯಲ್ಲಿ ಅದು ನಡೆಯುತ್ತಿದೆಯೇ, ನಿಮ್ಮ ಮಗುವಿಗೆ ಅಲ್ಲಿ ಅವಕಾಶವಿದೆಯೇ ಎಂದು ವಿಚಾರಿಸಿರಿ. "ಅಜ್ಜಿ ಇರುವಾಗ ಪರರ ಬಳಿ ಏಕೆ ಬಿಡಬೇಕು?" ಎಂದು ಊರಿನವರು ಆಡಿಕೊಂಡಾರೆಂಬ ಭಯದಿಂದ ಹಿಂಜರಿಯುವುದು ಬೇಡ.

ಮನೆಯೊಳಗಿನ ಹಂಚಿಕೆಯ ಮಾತನ್ನು ಜಗಳವಾದ ದಿನ ಎತ್ತಬೇಡಿರಿ. ಊಟವಾದ ಮೇಲೆ, ಮಗು ಮಲಗಿದ ಹೊತ್ತಿನಲ್ಲಿ, ಮಾವನವರನ್ನೂ ಸೇರಿಸಿಕೊಂಡು ಕೂರುವುದು ಸೂಕ್ತ. ಮೊದಲ ಮಾತು ಮಗನದಾಗಿರಲಿ. "ಅವ್ವಾ, ಮಗೂನ ಎಷ್ಟು ಹೊತ್ತು ನೋಡಿಕೊಳ್ಳೋಕೆ ನಿನ್ನ ಕೈಲಾಗುತ್ತೆ?" ಎಂದು ಕೇಳಿ, ಉತ್ತರ ಬರುವವರೆಗೆ ಕಾಯಬೇಕು. ಮೊದಲಿಗೆ "ನನಗೇನು ಕಷ್ಟ, ಮಾಡ್ತೀನಿ ಬಿಡು" ಎಂದೇ ಅವರು ಹೇಳುತ್ತಾರೆ. ಎರಡನೆಯ ಸಲ ಕೇಳಿದರೆ ನಿಜ ಹೊರಬರುತ್ತದೆ. ಮಧ್ಯಾಹ್ನ ಎರಡು ತಾಸು ಮಲಗಬೇಕೆಂದಾರು, ವಾರಕ್ಕೊಂದು ದಿನ ದೇವಸ್ಥಾನಕ್ಕೋ ತಂಗಿಯ ಮನೆಗೋ ಹೋಗಬೇಕೆಂದಾರು. ಆ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆಂದು ಹೆಸರಿಟ್ಟು ಗೊತ್ತುಮಾಡಿರಿ. ಸೊಸೆ ಹೊಲದಿಂದ ಬಂದ ಮೇಲೆ ಅರ್ಧ ತಾಸು ಮಗುವಿನೊಡನೆ ಕೂರಲಿ, ಆ ಅರ್ಧ ತಾಸಿನಲ್ಲಿ ಪಾತ್ರೆ ಗಂಡನ ಪಾಲಿಗಿರಲಿ. ಈರುಳ್ಳಿಯ ಕಾಲಕ್ಕೆ ಒಪ್ಪಿದ ಹಂಚಿಕೆ ಅಡಿಕೆಯ ಕಾಲಕ್ಕೆ ಹೊಂದದಿರಬಹುದು. ಆಗ ಮತ್ತೊಮ್ಮೆ ಕುಳಿತು ಬದಲಾಯಿಸಿಕೊಳ್ಳಿರಿ.